ಬ್ಲೇಡ್ ಸರ್ವರ್ ಚಾಸಿಸ್‌ನಲ್ಲಿ ಚಾಲನೆಗೊಳ್ಳದ ನೆಟ್‌ವರ್ಕ್ ಸ್ವಿಚ್

ಬ್ಲೇಡ್ ಸರ್ವರ್ ಚಾಸಿಸ್ ಎಂಬುದು ಹಲವು ಸರ್ವರ್‌ಗಳನ್ನು ಒಂದೇ ಪೆಟ್ಟಿಗೆಯೊಳಗೆ ಒತ್ತಾಗಿ ಕೂರಿಸಿ, ಅವೆಲ್ಲಕ್ಕೂ ವಿದ್ಯುತ್ತು, ತಂಪುಗಾಳಿ ಮತ್ತು ಜಾಲಸಂಪರ್ಕವನ್ನು ಸಾಮೂಹಿಕವಾಗಿ ಒದಗಿಸುವ ಉಪಕರಣ. ಈ ಪೆಟ್ಟಿಗೆಯ ಹಿಂಬದಿಯಲ್ಲಿ ಕೂರುವ ನೆಟ್‌ವರ್ಕ್ ಸ್ವಿಚ್, ಒಳಗಿನ ಸರ್ವರ್‌ಗಳನ್ನು ಹೊರಗಿನ ಜಾಲಕ್ಕೆ ಜೋಡಿಸುತ್ತದೆ. ಅದು ಚಾಲನೆಗೊಳ್ಳದಿದ್ದರೆ ಸರ್ವರ್‌ಗಳು ಒಳಗೆ ಕ್ಷೇಮವಾಗಿ ನಡೆಯುತ್ತಲೇ ಇರುತ್ತವೆ. ಆದರೆ ಹೊರಗಿನವರ ಪಾಲಿಗೆ ಅವು ಇಲ್ಲದಂತೆಯೇ ಸರಿ. ಹದಿನಾಲ್ಕೋ ಹದಿನಾರೋ ಸರ್ವರ್‌ಗಳು ಏಕಕಾಲಕ್ಕೆ ಕೈಗೆಟುಕದಂತಾಗುವುದರಿಂದ ಈ ದೋಷವನ್ನು ಗಂಭೀರವೆಂದು ಪರಿಗಣಿಸಲಾಗುತ್ತದೆ. ಗಾಬರಿಯಲ್ಲಿ ಕೈಗೊಳ್ಳುವ ತಪ್ಪು ಕ್ರಮಗಳು ಮೂಲದೋಷಕ್ಕಿಂತ ಹೆಚ್ಚಿನ ಹಾನಿಯನ್ನು ಉಂಟುಮಾಡುವುದೂ ಉಂಟು.

ಈ ಲೇಖನವು ಮುಖ್ಯವಾಗಿ ಬ್ಲೇಡ್ ಚಾಸಿಸ್‌ನೊಳಗಿನ ಸ್ವಿಚ್‌ಗಳನ್ನು ಕುರಿತದ್ದು. ರ‍್ಯಾಕ್‌ನಲ್ಲಿ ಬಿಡಿಯಾಗಿ ತಿರುಪು ಹಾಕಿ ಕೂರಿಸಿದ ಸ್ವಿಚ್‌ಗಳ ವಿಷಯವನ್ನು ಕೊನೆಯ ಭಾಗದಲ್ಲಿ ಪ್ರತ್ಯೇಕವಾಗಿ ಹೇಳಿದೆ.

ಹಿನ್ನೆಲೆ

ಆಧುನಿಕ ಬ್ಲೇಡ್ ಸರ್ವರ್ ಮಾರುಕಟ್ಟೆಗೆ ಬಂದದ್ದು 2001ರಲ್ಲಿ, ಅಮೆರಿಕದ ಆರ್‌ಎಲ್‌ಎಕ್ಸ್ ಟೆಕ್ನಾಲಜೀಸ್ ಸಂಸ್ಥೆಯ ಮೂಲಕ. ಮರುವರ್ಷ ಐಬಿಎಂ ತನ್ನ ಬ್ಲೇಡ್‌ಸೆಂಟರ್ ಅನ್ನು ಹೊರತಂದಿತು. 2006ರಲ್ಲಿ ಎಚ್‌ಪಿ ಸಂಸ್ಥೆಯ ಬ್ಲೇಡ್‌ಸಿಸ್ಟಮ್ ಸಿ7000, 2008ರಲ್ಲಿ ಡೆಲ್ ಸಂಸ್ಥೆಯ ಪವರ್‌ಎಡ್ಜ್ ಎಂ1000ಇ ಬಂದವು. ಈಗ ಇವುಗಳ ಸ್ಥಾನವನ್ನು ಹೊಸ ಮಾದರಿಗಳು ಆಕ್ರಮಿಸಿವೆಯಾದರೂ, ರಚನೆಯ ತತ್ತ್ವ ಹೆಚ್ಚು ಬದಲಾಗಿಲ್ಲ. ಹಳೆಯ ಚಾಸಿಸ್‌ಗಳು ಕಾಲೇಜುಗಳ ಪ್ರಯೋಗಾಲಯಗಳಲ್ಲಿ, ಸಣ್ಣ ಸಂಸ್ಥೆಗಳಲ್ಲಿ ಎರಡನೆಯ ಜೀವನ ನಡೆಸುವುದರಿಂದ ವಿದ್ಯಾರ್ಥಿಗಳ ಕೈಗೆ ಮೊದಲು ಸಿಗುವುದು ಬಹುಮಟ್ಟಿಗೆ ಅವೇ.

ರಚನೆ

ಬಿಡಿ ಸ್ವಿಚ್‌ಗೂ ಚಾಸಿಸ್‌ನೊಳಗಿನ ಸ್ವಿಚ್‌ಗೂ ಇರುವ ಮೂಲಭೂತ ವ್ಯತ್ಯಾಸವನ್ನು ಅರಿಯದೆ ದೋಷದ ಪತ್ತೆ ಸಾಧ್ಯವಿಲ್ಲ. ಬಿಡಿ ಸ್ವಿಚ್‌ಗೆ ತನ್ನದೇ ಪವರ್ ಕೇಬಲ್ ಇರುತ್ತದೆ. ಕೇಬಲ್ ಚುಚ್ಚಿದೊಡನೆ ಅದು ಎದ್ದುಕೊಳ್ಳುತ್ತದೆ. ಚಾಸಿಸ್‌ನೊಳಗಿನ ಸ್ವಿಚ್‌ಗೆ ಕೇಬಲೂ ಇಲ್ಲ, ಒತ್ತಲು ಗುಂಡಿಯೂ ಇಲ್ಲ. ಅದು ಚಪ್ಪಟೆಯಾದ ಒಂದು ಘಟಕ. ಹಿಂಬದಿಯ ಗೂಡಿನೊಳಗೆ ಜಾರಿಸಿ, ಸನ್ನೆಯನ್ನು ಮಡಿಸಿದಾಗ ಅದರ ಕನೆಕ್ಟರ್ ಚಾಸಿಸ್‌ನ ನಡುವೆ ನಿಂತಿರುವ ಮಿಡ್‌ಪ್ಲೇನ್ ಎಂಬ ಹಲಗೆಗೆ ಕೂಡಿಕೊಳ್ಳುತ್ತದೆ. ವಿದ್ಯುತ್ತು ಬರುವುದು ಈ ದಾರಿಯಿಂದ. ಮುಂಬದಿಯ ಸರ್ವರ್‌ಗಳೊಡನೆ ಸಂಪರ್ಕ ಏರ್ಪಡುವುದೂ ಇಲ್ಲಿಂದಲೇ.

ಮಿಡ್‌ಪ್ಲೇನ್‌ನಲ್ಲಿ ವಿದ್ಯುತ್ತು ಇದ್ದ ಮಾತ್ರಕ್ಕೆ ಸ್ವಿಚ್ ಚಾಲೂ ಆಗುವುದಿಲ್ಲ. ಚಾಸಿಸ್‌ಗೆ ಒಂದು ನಿರ್ವಹಣಾ ಘಟಕ ಇರುತ್ತದೆ. ಇದನ್ನು ಐಬಿಎಂ ಮ್ಯಾನೇಜ್‌ಮೆಂಟ್ ಮಾಡ್ಯೂಲ್ ಎಂದೂ, ಎಚ್‌ಪಿ ಆನ್‌ಬೋರ್ಡ್ ಅಡ್ಮಿನಿಸ್ಟ್ರೇಟರ್ ಎಂದೂ, ಡೆಲ್ ಚಾಸಿಸ್ ಮ್ಯಾನೇಜ್‌ಮೆಂಟ್ ಕಂಟ್ರೋಲರ್ ಎಂದೂ ಕರೆದಿವೆ. ಹೊಸ ಘಟಕವೊಂದು ಗೂಡಿನಲ್ಲಿ ಕೂತಾಗ ನಿರ್ವಹಣಾ ಘಟಕವು ಅದರ ಗುರುತನ್ನು ಓದಿ, ಆ ಗೂಡಿಗೆ ಅದು ತಕ್ಕದ್ದೇ, ಅದಕ್ಕೆ ಬೇಕಾದ ವಿದ್ಯುತ್ತು ಇದೆಯೇ ಎಂದು ಪರಿಶೀಲಿಸುತ್ತದೆ. ಹೀಗಾಗಿ ಸ್ವಿಚ್ ಏಳದಿರುವುದಕ್ಕೆ ಎರಡು ಬಗೆಯ ವಿವರಣೆಗಳು ಸಾಧ್ಯ: ಅದಕ್ಕೆ ವಿದ್ಯುತ್ತು ಸಿಕ್ಕಿಲ್ಲ, ಅಥವಾ ಅನುಮತಿ ಸಿಕ್ಕಿಲ್ಲ. ಹೊರನೋಟಕ್ಕೆ ಎರಡೂ ಒಂದೇ ರೀತಿ ಕಾಣುತ್ತವೆ.

ನಿಜವಾಗಿಯೂ ವಿದ್ಯುತ್ತು ಇಲ್ಲವೇ?

ಸ್ವಿಚ್ ಸತ್ತಿದೆ ಎಂಬ ದೂರುಗಳಲ್ಲಿ ಕೆಲವು, ಪರಿಶೀಲಿಸಿದಾಗ, ಬದುಕಿಯೇ ಇರುವ ಸ್ವಿಚ್‌ಗಳಿಗೆ ಸಂಬಂಧಿಸಿರುತ್ತವೆ. ಪೋರ್ಟ್‌ಗಳ ದೀಪ ಆರಿರುವುದು ವಿದ್ಯುತ್ತಿನ ಅಭಾವಕ್ಕೆ ಸಾಕ್ಷಿಯಲ್ಲ. ಪೋರ್ಟ್ ದೀಪ ಆ ಪೋರ್ಟಿನ ಆಚೆಗೆ ಯಾರಾದರೂ ಇದ್ದಾರೆಯೇ ಎಂಬುದನ್ನು ಮಾತ್ರ ಹೇಳುತ್ತದೆ. ಘಟಕದ ವಿದ್ಯುತ್ ದೀಪ ಅಥವಾ ಆರೋಗ್ಯ ದೀಪ ಬೇರೆಯೇ ಇರುತ್ತದೆ, ನೋಡಬೇಕಾದದ್ದು ಅದನ್ನು.

ಐಬಿಎಂ ಬ್ಲೇಡ್‌ಸೆಂಟರ್‌ನ ಸ್ವಿಚ್‌ಗಳು ಈ ವಿಷಯದಲ್ಲಿ ಹೆಸರುವಾಸಿ. ಹೊಸ ಸ್ವಿಚ್ ಅನ್ನು ಕೂರಿಸಿದಾಗ ಅದರ ಹೊರಗಿನ ಪೋರ್ಟ್‌ಗಳು ಮೊದಲಿನಿಂದಲೇ ಮುಚ್ಚಿದ ಸ್ಥಿತಿಯಲ್ಲಿರುತ್ತವೆ. ಮ್ಯಾನೇಜ್‌ಮೆಂಟ್ ಮಾಡ್ಯೂಲ್‌ನ ಪುಟದೊಳಗೆ ಹೋಗಿ ಅವನ್ನು ತೆರೆಯುವ ತನಕ ಯಾವ ಕೇಬಲ್ ಚುಚ್ಚಿದರೂ ದೀಪ ಹೊತ್ತುವುದಿಲ್ಲ. ಸರಿಯಾಗಿ ಸಿದ್ಧಪಡಿಸದ ಸ್ವಿಚ್ ಹೊರಗಿನ ಜಾಲಕ್ಕೆ ಸೇರಿಕೊಂಡು ಸುತ್ತುಬಳಸೆ ಉಂಟುಮಾಡದಿರಲಿ ಎಂಬ ಎಚ್ಚರಿಕೆ ಇದಕ್ಕೆ ಕಾರಣ. ಎಚ್ಚರಿಕೆ ಒಳ್ಳೆಯದೇ, ಆದರೆ ಅದನ್ನು ತಿಳಿಯದೆ ಸುಸ್ಥಿತಿಯಲ್ಲಿರುವ ಘಟಕವನ್ನು ಕೆಟ್ಟಿದೆಯೆಂದು ಹಿಂದಿರುಗಿಸುವ ಸಾಧ್ಯತೆ ಇದೆ.

ಸಮಯದ ಲೆಕ್ಕವೂ ಮುಖ್ಯ. ಸ್ವಿಚ್ ಎಂಬುದು ಒಳಗೊಳಗೇ ಒಂದು ಗಣಕ. ಅದು ತನ್ನ ಸ್ಮರಣೆಯನ್ನು ಪರೀಕ್ಷಿಸಿ, ತಂತ್ರಾಂಶವನ್ನು ಬಿಚ್ಚಿ, ಪೋರ್ಟ್‌ಗಳನ್ನು ಎಬ್ಬಿಸಲು ಕೆಲವು ನಿಮಿಷಗಳು ಹಿಡಿಯುತ್ತವೆ. ನಿರ್ವಹಣಾ ಘಟಕವೇ ಆಗಷ್ಟೇ ಏಳುತ್ತಿದ್ದರೆ ಇನ್ನೂ ತಡವಾಗುತ್ತದೆ. ಇಡೀ ಕೊಠಡಿಗೆ ಕರೆಂಟು ಹೋಗಿ ಬಂದ ಸಂದರ್ಭದಲ್ಲಿ ಹತ್ತು ನಿಮಿಷ ಕೈಕಟ್ಟಿ ಕಾಯುವುದು ಸೋಮಾರಿತನವೆನಿಸದು. ತಂತ್ರಾಂಶವನ್ನು ಬರೆದುಕೊಳ್ಳುತ್ತಿರುವ ಸ್ವಿಚ್ ಅನ್ನು ನಡುವೆ ಕಿತ್ತರೆ ಅದು ನಿಜಕ್ಕೂ ಏಳದ ಸ್ಥಿತಿ ತಲಪಬಹುದು.

ವಿದ್ಯುತ್ತಿನ ಹಾದಿ

ಪರಿಶೀಲನೆಯನ್ನು ಗೋಡೆಯಿಂದ ಆರಂಭಿಸಿ ಸ್ವಿಚ್‌ನ ಕಡೆಗೆ ಸಾಗುವುದು ಕ್ರಮ. ಯುಪಿಎಸ್, ಎಂ.ಸಿ.ಬಿ., ರ‍್ಯಾಕ್‌ನೊಳಗಿನ ವಿದ್ಯುತ್ ಹಂಚಿಕೆ ಪಟ್ಟಿ, ಕೇಬಲ್, ಚಾಸಿಸ್‌ನ ಪವರ್ ಸಪ್ಲೈ, ಮಿಡ್‌ಪ್ಲೇನ್, ಕೊನೆಗೆ ಸ್ವಿಚ್, ಇದು ವಿದ್ಯುತ್ತು ನಡೆಯುವ ದಾರಿ. ದೊಡ್ಡ ಚಾಸಿಸ್‌ಗಳ ಪವರ್ ಸಪ್ಲೈಗಳು ಬಹುಮಟ್ಟಿಗೆ 200ರಿಂದ 240 ವೋಲ್ಟ್‌ಗೆಂದು ರೂಪಿತವಾಗಿರುತ್ತವೆ. ಭಾರತದ 230 ವೋಲ್ಟ್ ಪೂರೈಕೆ ಅದಕ್ಕೆ ಹೊಂದುತ್ತದೆ. ವೋಲ್ಟೇಜ್ ತೀರ ಇಳಿದಾಗ ಸಪ್ಲೈ ತನ್ನನ್ನು ತಾನೇ ಕಾಪಾಡಿಕೊಳ್ಳಲು ಆರಿಹೋಗುತ್ತದೆ. ಆಗ ದೋಷ ಚಾಸಿಸ್‌ನದಲ್ಲ.

ಇಲ್ಲಿ ಹೆಚ್ಚು ಜನರನ್ನು ದಾರಿತಪ್ಪಿಸುವುದು ಅರ್ಧ ವಿದ್ಯುತ್ತು. ಚಾಸಿಸ್‌ನಲ್ಲಿ ದೀಪಗಳು ಉರಿಯುತ್ತಿವೆ, ಫ್ಯಾನ್‌ಗಳು ಮೊರೆಯುತ್ತಿವೆ, ಕೆಲವು ಸರ್ವರ್‌ಗಳು ನಡೆಯುತ್ತಿವೆ. ಆದ್ದರಿಂದ ವಿದ್ಯುತ್ತು ಸರಿಯಾಗಿದೆ, ಸ್ವಿಚ್ ಕೆಟ್ಟಿದೆ ಎಂದು ತೀರ್ಮಾನಿಸಲಾಗುತ್ತದೆ. ಈ ತರ್ಕ ಯಾವಾಗಲೂ ನಿಲ್ಲುವುದಿಲ್ಲ. ಮೂಲ ಬ್ಲೇಡ್‌ಸೆಂಟರ್ ಚಾಸಿಸ್‌ನಲ್ಲಿ ವಿದ್ಯುತ್ತನ್ನು ಎರಡು ವಲಯಗಳಾಗಿ ವಿಂಗಡಿಸಲಾಗಿದೆ. 1 ಮತ್ತು 2ನೆಯ ಪವರ್ ಮಾಡ್ಯೂಲ್‌ಗಳು 1ರಿಂದ 6ರವರೆಗಿನ ಬ್ಲೇಡ್‌ಗಳಿಗೂ, ಸ್ವಿಚ್ ಗೂಡುಗಳಿಗೂ, ಮ್ಯಾನೇಜ್‌ಮೆಂಟ್ ಮಾಡ್ಯೂಲ್‌ಗೂ ವಿದ್ಯುತ್ತು ಕೊಡುತ್ತವೆ. 3 ಮತ್ತು 4ನೆಯವು 7ರಿಂದ 14ರವರೆಗಿನ ಬ್ಲೇಡ್‌ಗಳಿಗೆ ಮಾತ್ರ ಮೀಸಲು. ಮೊದಲ ಜೋಡಿ ಪೂರ್ತಿ ನಿಂತರೆ ಸ್ವಿಚ್‌ಗಳು ಮಲಗುತ್ತವೆ, ಆದರೆ ಎರಡನೆಯ ವಲಯಕ್ಕೆ ವಿದ್ಯುತ್ತು ಬರುತ್ತಲೇ ಇರುತ್ತದೆ. ಸ್ವಿಚ್ ಬದಲಿಸಿದರೆ ಇಲ್ಲಿ ಪ್ರಯೋಜನ ಶೂನ್ಯ.

ಸಿ7000 ಮತ್ತು ಎಂ1000ಇ ಎರಡರಲ್ಲಿಯೂ ಆರು ಪವರ್ ಸಪ್ಲೈಗಳಿಗೆ ಜಾಗವಿದೆ. ಇವುಗಳ ಹಂಚಿಕೆ ವಲಯಗಳಾಗಿಲ್ಲ. ಆರೂ ಕೂಡಿ ಒಂದೇ ಕೊಳಕ್ಕೆ ನೀರು ತುಂಬಿದಂತೆ ಕೆಲಸ ಮಾಡುತ್ತವೆ. ಮೂರನ್ನು ಒಂದು ವಿದ್ಯುತ್ ಮಾರ್ಗಕ್ಕೆ, ಮೂರನ್ನು ಇನ್ನೊಂದಕ್ಕೆ ಜೋಡಿಸುವುದು ರೂಢಿ. ಒಂದು ಮಾರ್ಗ ಕೈಕೊಟ್ಟರೂ ಇನ್ನೊಂದು ನಡೆಸಬೇಕೆಂಬುದು ಉದ್ದೇಶ. ಆದರೆ ಪ್ರತಿ ಮಾರ್ಗದ ಮೇಲಿನ ಹೊರೆ ಅದರ ಸಾಮರ್ಥ್ಯದ ಅರ್ಧಕ್ಕಿಂತ ಕಡಿಮೆ ಇದ್ದಾಗ ಮಾತ್ರ ಈ ಏರ್ಪಾಡು ಫಲಿಸುತ್ತದೆ. 16 ಆಂಪಿಯರ್‌ನ ಎರಡು ಮಾರ್ಗಗಳಲ್ಲಿ ತಲಾ 10 ಆಂಪಿಯರ್ ಹರಿಯುತ್ತಿದ್ದರೆ, ಒಂದು ನಿಂತ ಕ್ಷಣ ಇನ್ನೊಂದರ ಮೇಲೆ 20 ಆಂಪಿಯರ್ ಬೀಳುತ್ತದೆ, ಎಂ.ಸಿ.ಬಿ. ಟ್ರಿಪ್ ಆಗಿ ಎರಡೂ ಹೋಗುತ್ತವೆ. ಎರಡು ಮಾರ್ಗಗಳನ್ನೂ ಕೊಂಡೊಯ್ದು ಒಂದೇ ಯುಪಿಎಸ್‌ಗೆ ಚುಚ್ಚುವುದು ಸಣ್ಣ ಕಚೇರಿಗಳಲ್ಲಿ ಕಾಣಸಿಗುವ ಇನ್ನೊಂದು ವಿಪರ್ಯಾಸ.

ಕೇಬಲ್‌ಗಳ ವಿಷಯವನ್ನು ಸಂಕ್ಷೇಪವಾಗಿ ಹೇಳಬಹುದು: ಅರ್ಧ ಸಡಿಲವಾಗಿ ಕೂತಿರುವುದು, ಬಾಗಿಲು ಮುಚ್ಚುವಾಗ ಎಳೆದುಕೊಂಡಿರುವುದು, ಇಲಿ ಕಚ್ಚಿರುವುದು. ಕೈಯಿಂದ ಒತ್ತಿ ನೋಡುವುದಕ್ಕಿಂತ ಉತ್ತಮವಾದ ಪರೀಕ್ಷೆ ಇಲ್ಲ.

ನಿರ್ವಹಣಾ ಘಟಕದ ನಿರಾಕರಣೆ

ವಿದ್ಯುತ್ತು ಇದ್ದೂ ಸ್ವಿಚ್ ಏಳದಿದ್ದಾಗ ನಿರ್ವಹಣಾ ಘಟಕದ ದಾಖಲೆಯನ್ನು ಓದಬೇಕು. ಇದು ಇಡೀ ಶೋಧನೆಯ ಅತ್ಯಂತ ಫಲವತ್ತಾದ ಹೆಜ್ಜೆ. ಆದರೂ ಇದನ್ನು ಬಿಟ್ಟು ತಿರುಪುಳಿಗೆ ಕೈಹಾಕುವವರೇ ಹೆಚ್ಚು. ಯಾವ ಗೂಡಿನಲ್ಲಿ ಯಾವ ಘಟಕ ಇದೆ, ಅದರ ಸ್ಥಿತಿಯೇನು, ಯಾವ ಗಳಿಗೆಯಲ್ಲಿ ಏನಾಯಿತು ಎಂಬುದು ಅಲ್ಲಿ ದಿನಾಂಕ ಸಹಿತ ದಾಖಲಾಗಿರುತ್ತದೆ. ಸಿ7000 ಚಾಸಿಸ್‌ನ ಮುಂಬದಿಯ ಪುಟ್ಟ ಪರದೆಯಲ್ಲಿಯೂ ದೋಷದ ಸೂಚನೆ ಮೂಡುತ್ತದೆ.

ಅಲ್ಲಿ ಸಿಗಬಹುದಾದ ಉತ್ತರಗಳಲ್ಲಿ ಮೊದಲನೆಯದು ಹೊಂದಾಣಿಕೆಯ ಕೊರತೆ. ಚಾಸಿಸ್‌ನ ಹಿಂಬದಿಯ ಗೂಡುಗಳು ನೋಟಕ್ಕೆ ಒಂದೇ ಅಳತೆಯವಾದರೂ ಅರ್ಥದಲ್ಲಿ ಬೇರೆಬೇರೆ. ಸಿ7000ದಲ್ಲಿ ಇಂಥ ಎಂಟು ಗೂಡುಗಳಿವೆ. ಅರ್ಧ ಎತ್ತರದ ಬ್ಲೇಡ್‌ನ ಮೂಲ ಜಾಲ ಪೋರ್ಟ್‌ಗಳು 1 ಮತ್ತು 2ನೆಯ ಗೂಡುಗಳಿಗೆ ಹೋಗುತ್ತವೆ. ಮೊದಲ ಮೆಜನೀನ್ ಕಾರ್ಡ್ 3 ಮತ್ತು 4ಕ್ಕೆ. ಎರಡನೆಯದು 5ರಿಂದ ಮೇಲಿನವಕ್ಕೆ. ಎಂ1000ಇನಲ್ಲಿ ಆರು ಗೂಡುಗಳನ್ನು ಎ, ಬಿ, ಸಿ ಎಂಬ ಮೂರು ಜೋಡಿಗಳಾಗಿ ಮಾಡಿದ್ದು, ಎ ಜೋಡಿ ಈಥರ್‌ನೆಟ್‌ಗೇ ಮೀಸಲು. ಸರ್ವರ್‌ನಲ್ಲಿ ಫೈಬರ್ ಚಾನೆಲ್ ಕಾರ್ಡ್ ಇದ್ದು, ಅದಕ್ಕೆ ಎದುರಾದ ಗೂಡಿನಲ್ಲಿ ಈಥರ್‌ನೆಟ್ ಸ್ವಿಚ್ ಕೂರಿಸಿದರೆ ನಿರ್ವಹಣಾ ಘಟಕ ಅದನ್ನು ಹೊಂದಾಣಿಕೆಯ ದೋಷವೆಂದು ವರದಿ ಮಾಡುತ್ತದೆ. ಇದು ಯಂತ್ರದ ಹಟವಲ್ಲ. ಎರಡು ಬೇರೆ ಬಗೆಯ ಸಂಕೇತಗಳನ್ನು ಒಂದೇ ತಂತಿಯಲ್ಲಿ ಎದುರುಬದುರು ಮಾಡುವುದನ್ನು ತಡೆಯುವ ಕಾವಲು.

ಎರಡನೆಯದು ವಿದ್ಯುತ್ತಿನ ಆಯವ್ಯಯ. ನಿರ್ವಹಣಾ ಘಟಕವು ಒಟ್ಟು ಲಭ್ಯವಿರುವ ವ್ಯಾಟ್‌ಗಳನ್ನು ಮನೆವಾರ್ತೆಯ ಯಜಮಾನಿಯಂತೆ ಲೆಕ್ಕವಿಡುತ್ತದೆ. ಒಂದು ಮಾರ್ಗ ಪೂರ್ತಿ ಹೋದರೂ ನಡೆಯಬೇಕೆಂದು ನಿಯಮ ವಿಧಿಸಿದ್ದರೆ ಆರು ಸಪ್ಲೈಗಳಲ್ಲಿ ಮೂರರ ಸಾಮರ್ಥ್ಯವನ್ನಷ್ಟೇ ಖರ್ಚಿಗೆ ಬಿಡುತ್ತದೆ. ಎಂ1000ಇನಲ್ಲಿ ಸರ್ವರ್ ಗೂಡುಗಳಿಗೆ 1ರಿಂದ 9ರವರೆಗೆ ಆದ್ಯತೆಯನ್ನು ನಿಗದಿಪಡಿಸುವ ಅವಕಾಶವಿದೆ. ಕೊರತೆ ಬಿದ್ದಾಗ ಸಾಮಾನ್ಯವಾಗಿ ಪೆಟ್ಟು ತಿನ್ನುವುದು ಕಡಿಮೆ ಆದ್ಯತೆಯ ಸರ್ವರ್‌ಗಳು. ಆದರೆ ತುಂಬಿದ ಚಾಸಿಸ್‌ಗೆ ಹೊಸದಾಗಿ ಸ್ವಿಚ್ ಸೇರಿಸುವಾಗ ಈ ಲೆಕ್ಕವನ್ನು ನೋಡಿಕೊಳ್ಳುವುದು ಅಗತ್ಯ. ಫ್ಯಾನ್‌ಗಳ ಸಂಖ್ಯೆ ಸಾಲದಿದ್ದಾಗ, ಅಥವಾ ಅವು ತಪ್ಪು ಗೂಡಿನಲ್ಲಿದ್ದಾಗಲೂ ದೋಷದ ವರದಿ ಬರುತ್ತದೆ.

ಮೂರನೆಯ ಸಾಧ್ಯತೆ ಸರಳವಾದದ್ದು: ಯಾರೋ ಆ ಗೂಡನ್ನು ಆರಿಸಿಟ್ಟಿದ್ದಾರೆ. ನಿರ್ವಹಣಾ ಪುಟದಿಂದಲೇ ಸ್ವಿಚ್ ಅನ್ನು ಆರಿಸುವ, ಹೊತ್ತಿಸುವ ಸೌಲಭ್ಯ ಈ ಚಾಸಿಸ್‌ಗಳಲ್ಲಿದೆ. ಸ್ವಿಚ್‌ನಲ್ಲಿ ಗುಂಡಿ ಇಲ್ಲದ್ದರಿಂದ ಅದನ್ನು ಎದುರಿಗೆ ನಿಂತು ನೋಡುವವನಿಗೆ ಇದು ಹೊಳೆಯುವುದಿಲ್ಲ.

ಕಿತ್ತು ಮತ್ತೆ ಕೂರಿಸುವುದು

ದಾಖಲೆಯಲ್ಲಿ ಗೂಡು ಖಾಲಿ ಎಂದು ತೋರಿಸುತ್ತಿದ್ದು, ಕಣ್ಣಿಗೆ ಸ್ವಿಚ್ ಕಾಣುತ್ತಿದ್ದರೆ, ಅದು ಮಿಡ್‌ಪ್ಲೇನ್‌ಗೆ ಸರಿಯಾಗಿ ಕೂಡಿಲ್ಲ ಎಂದರ್ಥ. ಸಾಗಾಟದ ಅಲುಗಾಟದಲ್ಲಿ, ಅಥವಾ ಸನ್ನೆಯನ್ನು ಪೂರ್ತಿ ಮಡಿಸದೆ ಬಿಟ್ಟಾಗ ಹೀಗಾಗುತ್ತದೆ. ನೆಟ್‌ವರ್ಕ್ ಕೇಬಲ್‌ಗಳಿಗೆ ಗುರುತು ಚೀಟಿ ಅಂಟಿಸಿ ಬಿಡಿಸಿಕೊಂಡು, ಸನ್ನೆ ತೆರೆದು, ಘಟಕವನ್ನು ಹೊರಗೆಳೆದು, ಅರ್ಧ ನಿಮಿಷ ಬಿಟ್ಟು ನೇರವಾಗಿ ಒಳಗೆ ಜಾರಿಸಬೇಕು. ಬಿಗಿಯೆನಿಸಿದರೆ ಬಲ ಹಾಕಬಾರದು.

ಘಟಕ ಹೊರಗಿರುವಾಗ ಟಾರ್ಚ್ ಬೆಳಕಿನಲ್ಲಿ ಗೂಡಿನ ಆಳವನ್ನು ನೋಡುವುದು ತಪ್ಪದೆ ಮಾಡಬೇಕಾದ ಕೆಲಸ. ಅಲ್ಲಿ ಕನೆಕ್ಟರ್‌ನ ಒಂದು ಪಿನ್ ಬಾಗಿದ್ದರೆ, ಅದೇ ಗೂಡಿಗೆ ಹೊಸ ಸ್ವಿಚ್ ತುರುಕಿದಾಗ ಹೊಸದರ ಕನೆಕ್ಟರ್ ಕೂಡ ಹಾಳಾಗಬಹುದು. ಆ ಕೆಟ್ಟ ಸ್ವಿಚ್ ಅನ್ನು ಒಳ್ಳೆಯ ಗೂಡಿಗೆ ಹಾಕಿದರೆ ಆ ಗೂಡೂ ಹಾಳಾಗಬಹುದು. ರೋಗ ಅಂಟುವಂತೆ ದೋಷವು ಒಂದರಿಂದ ಇನ್ನೊಂದಕ್ಕೆ ಹಬ್ಬುವ ಈ ಸಂದರ್ಭ ಬ್ಲೇಡ್ ಚಾಸಿಸ್‌ಗೆ ವಿಶಿಷ್ಟವಾದದ್ದು. ಮಿಡ್‌ಪ್ಲೇನ್ ಬದಲಿಸುವುದೆಂದರೆ ಇಡೀ ಚಾಸಿಸ್ ಆರಿಸಿ, ಎಲ್ಲ ಸರ್ವರ್‌ಗಳನ್ನೂ ಹೊರತೆಗೆಯುವುದು. ಹತ್ತು ಸೆಕೆಂಡಿನ ನೋಟ ಒಂದು ದಿನದ ನಿಲುಗಡೆಯನ್ನು ತಪ್ಪಿಸಬಲ್ಲದು.

ಅದಲುಬದಲು ಪರೀಕ್ಷೆ

ಕೆಟ್ಟಿರುವುದು ಸ್ವಿಚ್ಚೋ ಗೂಡೋ ಎಂದು ತಿಳಿಯಲು ಸ್ವಿಚ್ ಅನ್ನು ಬೇರೆ ಗೂಡಿನಲ್ಲಿ ಕೂರಿಸಿ ನೋಡುವ ವಾಡಿಕೆ ಇದೆ. ಸ್ವಿಚ್ ಹೋದಲ್ಲಿ ದೋಷವೂ ಹೋದರೆ ಕೆಟ್ಟದ್ದು ಸ್ವಿಚ್. ದೋಷ ಹಳೆಯ ಗೂಡಿನಲ್ಲಿಯೇ ಉಳಿದರೆ ಕೆಟ್ಟದ್ದು ಗೂಡು. ತರ್ಕ ನಿರ್ದುಷ್ಟ. ಅಪಾಯ ಇರುವುದು ಗೂಡಿನ ಆಯ್ಕೆಯಲ್ಲಿ. ಸ್ವಿಚ್‌ಗಳನ್ನು ಸಾಮಾನ್ಯವಾಗಿ ಜೋಡಿಯಾಗಿ ಹಾಕಿರುತ್ತಾರೆ. 1ನೆಯದು ಸತ್ತಾಗ ಎಲ್ಲ ಸರ್ವರ್‌ಗಳೂ 2ನೆಯದರ ಮೇಲೆ ಉಸಿರಾಡುತ್ತಿರುತ್ತವೆ. ಪರೀಕ್ಷೆಗೆಂದು 2ನೆಯದನ್ನು ಕಿತ್ತರೆ ಅರ್ಧ ಕೆಟ್ಟಿದ್ದ ವ್ಯವಸ್ಥೆ ಪೂರ್ತಿ ನಿಲ್ಲುತ್ತದೆ. ಖಾಲಿ ಇರುವ, ಹೊಂದಾಣಿಕೆಯುಳ್ಳ ಗೂಡು ದೊರೆತರೆ ಮಾತ್ರ ಕೆಲಸದ ವೇಳೆಯಲ್ಲಿ ಈ ಪರೀಕ್ಷೆ ಸಲ್ಲುತ್ತದೆ. ಇಲ್ಲವಾದರೆ ನಿಲುಗಡೆಯ ಸಮಯವನ್ನು ಮೊದಲೇ ಎಲ್ಲರಿಗೂ ತಿಳಿಸಿ ಮಾಡುವುದು ಲೇಸು.

ಆರಿಸಿದ ಮೇಲೆ ಏಳದ ಯಂತ್ರಗಳು

ವರ್ಷಗಟ್ಟಲೆ ಅಡ್ಡಿಯಿಲ್ಲದೆ ನಡೆದ ಸ್ವಿಚ್, ಒಮ್ಮೆ ಆರಿಸಿ ಹೊತ್ತಿಸಿದಾಗ ಏಳದೆ ಹೋಗುವುದುಂಟು. ಹೊತ್ತಿಸಿದವನ ಕೈಗುಣವೆಂದು ಆಗ ಆಡಿಕೊಳ್ಳಲಾಗುತ್ತದೆ. ನಿಜವಾದ ಕಾರಣ ಬೇರೆ. ನಡೆಯುತ್ತಿರುವ ಯಂತ್ರದಲ್ಲಿ ಬಿಡಿಭಾಗವೊಂದು ಸದ್ದಿಲ್ಲದೆ ಸವೆದಿರುತ್ತದೆ. ಅದರ ಪರೀಕ್ಷೆ ನಡೆಯುವುದು ಮರುಚಾಲನೆಯ ಹೊತ್ತಿನಲ್ಲಿ.

ಇದಕ್ಕೆ ದಾಖಲಾದ ನಿದರ್ಶನಗಳಿವೆ. ಸಿಸ್ಕೊ ಸಂಸ್ಥೆ 2014ರಲ್ಲಿ ಪ್ರಕಟಿಸಿದ ಸೂಚನೆಯೊಂದರ ಪ್ರಕಾರ, 2005ರಿಂದ 2010ರ ನಡುವೆ ಒಬ್ಬ ಪೂರೈಕೆದಾರ ತಯಾರಿಸಿದ ಸ್ಮರಣೆಯ ಬಿಡಿಭಾಗಗಳು ಕಾಲಕ್ರಮೇಣ ಕ್ಷೀಣಿಸಿ, ಉಪಕರಣವನ್ನು ಆರಿಸಿ ಹೊತ್ತಿಸಿದಾಗ ಅದು ಏಳದೆ ಹೋಗುವ ಸಂಭವವಿತ್ತು. 2017ರಲ್ಲಿ ಅದೇ ಸಂಸ್ಥೆ, ಗಡಿಯಾರ ಸಂಕೇತ ನೀಡುವ ಬಿಡಿಭಾಗವೊಂದು ಸುಮಾರು 18 ತಿಂಗಳ ಬಳಕೆಯ ನಂತರ ಕೆಡಬಹುದೆಂದೂ, ಕೆಟ್ಟರೆ ಉಪಕರಣ ಮತ್ತೆ ಏಳದೆಂದೂ ತಿಳಿಸಿತು. ಅದೇ ವೇಳೆಗೆ ಇಂಟೆಲ್ ಸಂಸ್ಥೆಯ ಆಟಂ ಸಿ2000 ಸರಣಿಯ ಸಂಸ್ಕಾರಕಗಳ ಗಡಿಯಾರ ದೋಷವೂ ಬೆಳಕಿಗೆ ಬಂದು ಹಲವು ತಯಾರಕರ ಉಪಕರಣಗಳು ಬಾಧಿತವಾದವು. ಇದಕ್ಕೂ ಹಿಂದೆ, 2000ದ ದಶಕದ ಮೊದಲರ್ಧದಲ್ಲಿ, ಕಳಪೆ ದ್ರಾವಣದ ಕೆಪಾಸಿಟರ್‌ಗಳು ಉಬ್ಬಿ ಸೋರಿ ಅಸಂಖ್ಯ ಗಣಕಗಳನ್ನು ಕೆಡಿಸಿದ್ದವು.

ಆದ್ದರಿಂದ ಒಂದು ಸ್ವಿಚ್ ಏಳದಿದ್ದಾಗ, ಪರೀಕ್ಷಿಸಿ ನೋಡುವ ನೆಪದಲ್ಲಿ ಇಡೀ ಚಾಸಿಸ್ ಅನ್ನು ಆರಿಸಿ ಹೊತ್ತಿಸುವುದು ಕೊನೆಯ ಉಪಾಯವಾಗಿರಬೇಕು. ಅದರಿಂದ ಕೆಲವೊಮ್ಮೆ ಗುಣ ಕಾಣುವುದು ನಿಜ. ಅದೇ ಕಾಲಕ್ಕೆ ಇನ್ನಾವುದೋ ವಯಸ್ಸಾದ ಘಟಕ ಮಲಗಿಬಿಡುವ ಸಂಭವವೂ ಇದೆ.

ಬಿಡಿ ಸ್ವಿಚ್‌ಗಳು

19 ಅಂಗುಲದ ರ‍್ಯಾಕ್‌ನಲ್ಲಿ ಕೂರುವ ಬಿಡಿ ಸ್ವಿಚ್‌ನ ಪರೀಕ್ಷೆ ಇದಕ್ಕಿಂತ ಸುಲಭ. ಕೆಲಸ ಮಾಡುತ್ತಿರುವ ಬೇರೊಂದು ಉಪಕರಣವನ್ನು ಅದೇ ಸಾಕೆಟ್ಟಿಗೆ, ಅದೇ ಕೇಬಲ್ಲಿಗೆ ಜೋಡಿಸಿ ನೋಡಿದರೆ ಅರ್ಧ ಸಂಶಯ ಪರಿಹಾರವಾಗುತ್ತದೆ. ಕೆಲವು ಸ್ವಿಚ್‌ಗಳಲ್ಲಿ ಕೇಬಲ್ ಚುಚ್ಚುವ ಬಾಯಿಯೊಳಗೆ ಒಂದು ಗಟ್ಟು ಇರುತ್ತದೆ. ಅದು ಹೆಚ್ಚು ಶಾಖ ತಾಳುವ ಸಿ15 ಎಂಬ ಕೇಬಲ್‌ಗೆ ಮಾತ್ರ ಒಪ್ಪುತ್ತದೆ. ಗಣಕಗಳ ಸಾಮಾನ್ಯ ಸಿ13 ಕೇಬಲ್ ಅದರೊಳಗೆ ಪೂರ್ತಿ ಹೋಗುವುದಿಲ್ಲ. ತುದಿ ಒಳಹೊಕ್ಕಂತೆ ಕಂಡರೂ ಸಂಪರ್ಕ ಆಗಿರುವುದಿಲ್ಲ.

ಪವರ್ ಸಪ್ಲೈಯನ್ನು ಬಿಡಿಸಿ ಹಾಕಬಲ್ಲ ಸ್ವಿಚ್‌ಗಳಲ್ಲಿ ಗಾಳಿಯ ದಿಕ್ಕನ್ನು ಗಮನಿಸಬೇಕು. ದತ್ತಾಂಶ ಕೇಂದ್ರಗಳಿಗೆಂದು ತಯಾರಾದವುಗಳಲ್ಲಿ ಮುಂದಿನಿಂದ ಹಿಂದಕ್ಕೆ ಮತ್ತು ಹಿಂದಿನಿಂದ ಮುಂದಕ್ಕೆ ಗಾಳಿ ಊದುವ ಎರಡು ಬಗೆಯ ಸಪ್ಲೈ ಮತ್ತು ಫ್ಯಾನ್‌ಗಳಿದ್ದು, ಅವನ್ನು ಹಿಡಿಯ ಬಣ್ಣದಿಂದ ಗುರುತಿಸುತ್ತಾರೆ. ಬೆರಸಿ ಹಾಕಿದರೆ ಸ್ವಿಚ್ ಎಚ್ಚರಿಕೆ ನೀಡುತ್ತದೆ, ಕೆಲವು ಆರಿಯೂ ಹೋಗುತ್ತವೆ. ಕೇಬಲ್ ಮೂಲಕವೇ ಫೋನ್, ಕ್ಯಾಮೆರಾಗಳಿಗೆ ವಿದ್ಯುತ್ತು ಕೊಡುವ ಸ್ವಿಚ್‌ಗಳಲ್ಲಿ 2003ರ ಮಾನದಂಡದಂತೆ ಪ್ರತಿ ಪೋರ್ಟಿಗೆ 15.4 ವ್ಯಾಟ್, 2009ರದರಂತೆ 30 ವ್ಯಾಟ್‌ವರೆಗೆ ಹರಿಯಬಹುದು. ಇವುಗಳ ಎಲ್ಲ ಕೇಬಲ್‌ಗಳನ್ನೂ ಬಿಡಿಸಿದಾಗ ಸ್ವಿಚ್ ಎದ್ದರೆ, ದೋಷವನ್ನು ಆ ಕೇಬಲ್‌ಗಳ ತುದಿಯಲ್ಲಿ ಹುಡುಕಬೇಕು.

ಗೋಡೆಗೆ ನೇತುಹಾಕಿದ ಚಿಕ್ಕ ರ‍್ಯಾಕ್‌ಗಳಲ್ಲಿ ಧೂಳು, ಇರುವೆ, ಹಲ್ಲಿಗಳಿಂದ ಪವರ್ ಸಪ್ಲೈ ಸುಟ್ಟುಹೋಗುವುದುಂಟು. ಸುಟ್ಟ ವಾಸನೆ ಬಂದ ಸ್ವಿಚ್‌ಗೆ ಇನ್ನೊಮ್ಮೆ ವಿದ್ಯುತ್ತು ಕೊಟ್ಟು ಪರೀಕ್ಷಿಸಕೂಡದು.

ಸುರಕ್ಷತೆ

ಪವರ್ ಸಪ್ಲೈಯ ಡಬ್ಬಿಯನ್ನು ಬಿಚ್ಚಕೂಡದು. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯ ತರುವಷ್ಟು ವಿದ್ಯುತ್ತು ಉಳಿದಿರಬಹುದು. ಎರಡು ಮಾರ್ಗಗಳ ಚಾಸಿಸ್‌ನಲ್ಲಿ ಒಂದನ್ನು ಆರಿಸಿದರೆ ವಿದ್ಯುತ್ತು ಹೋಗಿದೆ ಎಂದು ಭಾವಿಸುವಂತಿಲ್ಲ. ಅರ್ತಿಂಗ್ ಸಡಿಲವಿದ್ದಲ್ಲಿ ಲೋಹದ ಚೌಕಟ್ಟನ್ನು ಮುಟ್ಟುವ ಮುನ್ನ ಎಲೆಕ್ಟ್ರಿಷಿಯನ್‌ನಿಂದ ಪರೀಕ್ಷೆ ಮಾಡಿಸಬೇಕು. ಘಟಕಗಳನ್ನು ಹಿಡಿಯುವವರು ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳಲು ಮಣಿಕಟ್ಟಿನ ಪಟ್ಟಿ ಧರಿಸುತ್ತಾರೆ. ಹೊರತೆಗೆದ ಸ್ವಿಚ್‌ನ ಗೂಡನ್ನು ಬಹಳ ಹೊತ್ತು ತೆರೆದಿಟ್ಟರೆ ಗಾಳಿ ಅಡ್ಡದಾರಿ ಹಿಡಿದು ಉಳಿದವು ಕಾಯುತ್ತವೆ. ಅಲ್ಲಿಗೆ ಖಾಲಿ ಮುಚ್ಚಳವನ್ನಾದರೂ ಹಾಕಬೇಕು.

ಬದಲಿ ಘಟಕ

ಸ್ವಿಚ್ ಕೆಟ್ಟಿರುವುದು ಖಚಿತವಾದ ಮೇಲೆ ಬದಲಿ ಘಟಕ ತರಿಸಲಾಗುತ್ತದೆ. ಹೊಸ ಸ್ವಿಚ್ ಎದ್ದು ದೀಪ ಬೆಳಗಿದರೂ ಕೆಲಸ ಮುಗಿದಿರುವುದಿಲ್ಲ. ಅದರೊಳಗೆ ಹಳೆಯದರ ವಿಎಲ್ಎಎನ್ ವಿಂಗಡಣೆಗಳಾಗಲಿ, ವಿಳಾಸಗಳಾಗಲಿ, ಗುಪ್ತಪದಗಳಾಗಲಿ ಇರುವುದಿಲ್ಲ. ಎಚ್‌ಪಿಯ ವರ್ಚುವಲ್ ಕನೆಕ್ಟ್ ಘಟಕಗಳಲ್ಲಿ ಜೋಡಿಯ ಇನ್ನೊಂದು ಉಳಿದಿದ್ದರೆ ಹೊಸದು ಅದರಿಂದ ಮಾಹಿತಿ ಪಡೆಯುತ್ತದೆ. ಸಾಮಾನ್ಯ ಸ್ವಿಚ್‌ಗಳಲ್ಲಿ ಸಂರಚನೆಯ ಕಡತವನ್ನು ಮೊದಲೇ ಬೇರೆಡೆ ಉಳಿಸಿಟ್ಟಿರಬೇಕು. ಆ ಕಡತವನ್ನು ಅದೇ ಚಾಸಿಸ್‌ನೊಳಗಿನ ಸರ್ವರ್‌ನಲ್ಲಿ ಇಟ್ಟಿದ್ದರೆ, ಅದನ್ನು ತಲಪುವ ದಾರಿಯೇ ಕೆಟ್ಟ ಸ್ವಿಚ್‌ನ ಮೂಲಕ ಹೋಗುತ್ತಿರುತ್ತದೆ. ಚಾಸಿಸ್‌ನ ಹೊರಗಿನ ಒಂದು ಗಣಕದಲ್ಲಿ ಪ್ರತಿ, ಮತ್ತು ಯಾವ ಕೇಬಲ್ ಯಾವ ಪೋರ್ಟಿಗೆ ಎಂಬುದನ್ನು ಬರೆದ ಕಾಗದವೊಂದು ರ‍್ಯಾಕ್‌ನ ಬಾಗಿಲಿನ ಒಳಬದಿಯಲ್ಲಿ ಇದ್ದರೆ ಬದಲಾವಣೆ ಒಂದು ತಾಸಿನೊಳಗೆ ಮುಗಿಯುತ್ತದೆ.